ಮೇಘಾ ಎಂಬ ಹೆಸರನ್ನು ಅಂಗಡಿಯ ಮೇಲೂ ಮಗಳ ಮೇಲೂ ಉಳಿಸಿಕೊಡುವ ಬಗ್ಗೆ

ಸ್ಥಳ: ರಬಕವಿ
ದಿನಾಂಕ: 11 ಮಾರ್ಚ್ 2013

ಇಂದ,
ಅನುಸೂಯಾ ನೇಮಿನಾಥ ಚೌಗಲಾ,
ಮೇಘಾ ಸಾರಿ ಸೆಂಟರ್ (ಹೆಸರು ಬದಲಾವಣೆ ವಿಚಾರಣೆಯಲ್ಲಿದೆ),
ಫಾಲ್, ಪಿಕೋ ಮತ್ತು ಸೆರಗಿನ ಗೊಂಡೆ, ರಬಕವಿ.

ಗೆ,
ಶ್ರೀಮತಿ ತ್ರಿಶಲಾ ಅವರು,
ವರನ ತಾಯಿ ಹಾಗೂ ಸೊಸೆಯ ಹೆಸರು ಬದಲಾವಣೆಯ ಸಕ್ಷಮ ಪ್ರಾಧಿಕಾರ,
ಜಮಖಂಡಿ.

ವಿಷಯ: ಅಂಗಡಿಯ ಹೆಸರು ಬದಲಿಸಲು ಇರುವ ನಿಯಮಗಳನ್ನು ಮಗಳ ಹೆಸರು ಬದಲಿಸುವುದಕ್ಕೂ ಅನ್ವಯಿಸುವಂತೆ, ಇಲ್ಲವಾದರೆ ಎರಡನ್ನೂ ಇದ್ದಂತೆಯೇ ಬಿಡುವಂತೆ ಕೋರಿ.

ಉಲ್ಲೇಖ: 1. ನಿಶ್ಚಯದ ದಿನ ಸಕ್ಕರೆ ಹಂಚುವಾಗ ತಾವು ನೀಡಿದ ಮೌಖಿಕ ಆದೇಶ.
2. ಅದರಂತೆ ಅರ್ಜಿದಾರಳು ಹೂಡಿದ ಕಡತ, ಇನ್ನೂ ಮುಗಿಯದೇ ಇರುವುದು.

ಮಾನ್ಯ ಬೀಗತಿಯವರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರಳು ವಿನಂತಿಸಿಕೊಳ್ಳುವುದೇನೆಂದರೆ, ಬರುವ ವೈಶಾಖದಲ್ಲಿ ತಮ್ಮ ಮಗ ಚಿ. ಶ್ರೇಯಸನೊಂದಿಗೆ ಅರ್ಜಿದಾರಳ ಮಗಳು ಚಿ. ಸೌ. ಮೇಘಾಳ ಮದುವೆ ನಿಶ್ಚಯವಾಗಿರುತ್ತದೆ. ಹುಡುಗ ಒಳ್ಳೆಯವನು, ಮನೆ ಒಳ್ಳೆಯದು, ಈ ಬಗ್ಗೆ ಅರ್ಜಿದಾರಳಿಗೆ ಸಂತೋಷವೇ ಇರುತ್ತದೆ. ತಕರಾರು ಇರುವುದು ಒಂದೇ ಅಂಶದ ಮೇಲೆ. ಸೊಸೆಯನ್ನು ಮನೆ ತುಂಬಿಸಿಕೊಂಡ ಮೇಲೆ ತಾಟಿನಲ್ಲಿ ಅಕ್ಕಿ ಹರವಿ, ವರನು ಅದರ ಮೇಲೆ ಉಂಗುರದಿಂದ ಆಕೆಯ ಹೊಸ ಹೆಸರು ಬರೆಯುವ ಪದ್ಧತಿ ತಮ್ಮಲ್ಲಿಯೂ ನಮ್ಮಲ್ಲಿಯೂ ಇದ್ದು, ಆ ಪ್ರಕಾರ ಮೇಘಾ ಎಂಬುದನ್ನು ತೆಗೆದು ಶ್ರೇಯಾ ಎಂದು ಇಡಲು ತಾವು ತೀರ್ಮಾನಿಸಿರುತ್ತೀರಿ. ಈ ಕುರಿತ ಸಂಗತಿಗಳು ಕೆಳಗಿನಂತಿವೆ.

1. ನಿಶ್ಚಯದ ದಿನ ತಾವು ಎಲ್ಲರ ಅಂಗೈಗೂ ಸಕ್ಕರೆ ಹಾಕುತ್ತ, "ಶ್ರೇಯಸ, ಶ್ರೇಯಾ. ಕರಿಯಾಕ ಎಷ್ಟ ಛಂದ ಆಗ್ತೇತಿ ನೋಡ್ರಿ! ಲಗ್ನಪತ್ರಿಕಾದಾಗೂ ಜೋಡಿಲೆ ಕುಂದರ್ತಾವ" ಎಂದಿರಿ. ಅರ್ಜಿದಾರಳ ಪತಿ ನೇಮಿನಾಥರು, "ಒಬ್ಬರನ್ನ ಕರದ್ರ ಇಬ್ಬರೂ ಬರ್ತಾರ, ಉಳಿತಾಯ ಆತು ಬಿಡ್ರಿ" ಎಂದರು. ಎಲ್ಲರೂ ನಕ್ಕರು. ಆ ನಗುವಿನಲ್ಲಿಯೇ ತಾವು ಅರ್ಜಿದಾರಳ ಕಡೆ ತಿರುಗಿ, "ಹಂಗಾರ ಅಂಗಡಿ ಬೋರ್ಡೂ ಬದಲ ಮಾಡಿಸಿಬಿಡ್ರಿ ಬೀಗತಿ. ಹುಡುಗಿ ಶ್ರೇಯಾ ಆದಮ್ಯಾಲ ಅಂಗಡಿ ಮೇಘಾ ಅಂತ ಉಳದ್ರ ನೋಡಿದವ್ರು ಏನ ಅನ್ಕೋತಾರ?" ಎಂದು ಆದೇಶಿಸಿದಿರಿ. ಅರ್ಜಿದಾರಳು "ಆತ್ರಿ" ಎಂದಳು. ಬಾಯಲ್ಲಿ ಆಗಲೇ ಸಕ್ಕರೆ ಇದ್ದ ಕಾರಣ ಬೇರೆ ಮಾತು ಹೊರಡಲಿಲ್ಲ.

2. ಸದರಿ ಆದೇಶದಂತೆ ಮರುದಿನವೇ ಅರ್ಜಿದಾರಳು ಕಸ ಮುಸುರೆ ಮುಗಿಸಿ, ಅಂಗಡಿಯ ಪರವಾನಗಿ ಪತ್ರವನ್ನು ಸೀರೆಯ ಚೀಲದಲ್ಲಿ ಇಟ್ಟುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದಳು. ಹೆಸರು ಬದಲಿಸುವುದೆಂದರೆ ಪೇಂಟರನಿಗೆ ಹೇಳಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಸುವುದು, ಕಚೇರಿಗೆ ಒಂದು ಮಾತು ತಿಳಿಸುವುದು, ಅಷ್ಟೇ ಎಂದು ಆಕೆಯ ತಿಳಿವಳಿಕೆ ಇತ್ತು. ಒಲೆಯ ಮೇಲೆ ಬೇಳೆಗೆ ನೀರು ಇಟ್ಟೇ ಹೋಗಿದ್ದಳು. ಅಲ್ಲಿನ ಗುಮಾಸ್ತರು ಕನ್ನಡಕ ಏರಿಸಿಕೊಂಡು ಕೇಳಿದರು.

"ಹೆಸರ ಯಾಕ ಬದಲ ಮಾಡ್ತೀರಿ ಬಾಯಾರ? ಕಾರಣ ಬರೀಬೇಕಾಗ್ತೇತಿ."

"ಲಗ್ನ ಆಗಾಕತ್ತೇತ್ರಿ."

"ಯಾರದು? ಅಂಗಡೀದೇನು?"

"ಮಗಳದ್ದರಿ. ಲಗ್ನ ಆದಮ್ಯಾಲ ಆಕಿ ಹೆಸರ ಬದಲಾಗ್ತೇತಿ. ಅದಕ್ಕ ಅಂಗಡೀದೂ ಮಾಡ್ಬೇಕ್ರಿ."

"ಮಗಳ ಹೆಸರ ಬದಲಾಗೂದಕ್ಕ ಏನ ಕಾಗದ ಅದಾವ, ತೋರಸ್ರಿ."

"ಕಾಗದ ಇಲ್ರಿ. ಅಕ್ಕಿ ಇರ್ತಾವ."

"ಅಕ್ಕಿ ಫೈಲಿಗೆ ಹಚ್ಚಾಕ ಬರಂಗಿಲ್ಲ ಬಾಯಾರ."

ಗುಮಾಸ್ತರ ಮಾತಿನಲ್ಲಿ ತಪ್ಪು ಇರುವುದಿಲ್ಲ. ಬೇಳೆ ಮಾತ್ರ ಸೀದು ಹೋಗಿತ್ತು.

3. ಒಂದು ಅಂಗಡಿಯ ಹೆಸರು ಬದಲಾಗಬೇಕಾದರೆ ಏನೇನು ನಡೆಯಬೇಕೆಂಬುದನ್ನು ಅರ್ಜಿದಾರಳು ಆಮೇಲೆ ಒಂದೊಂದಾಗಿ ಕಲಿತಿದ್ದು, ಅದನ್ನು ತಮ್ಮ ಅವಗಾಹನೆಗೆ ತರಲಾಗಿದೆ. ಮೊದಲಿಗೆ ಛಾಪಾ ಕಾಗದದ ಮೇಲೆ ಪ್ರಮಾಣಪತ್ರ: ಹಳೆಯ ಹೆಸರು ಇಂಥದು, ಹೊಸ ಹೆಸರು ಇಂಥದು, ಎರಡೂ ಒಂದೇ ಅಂಗಡಿ, ಇದರಿಂದ ಯಾರಿಗೂ ಮೋಸ ಮಾಡುವ ಉದ್ದೇಶ ಇಲ್ಲ. ಆಮೇಲೆ ಪತ್ರಿಕೆಯಲ್ಲಿ ಜಾಹೀರು ಪ್ರಕಟಣೆ: ಈ ಬದಲಾವಣೆಗೆ ಯಾರದಾದರೂ ತಕರಾರು ಇದ್ದಲ್ಲಿ ವಾಯಿದೆಯೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ತದನಂತರ ಜಾಗದ ಮಾಲೀಕರ ಒಪ್ಪಿಗೆ, ನೋಂದಣಿ ಪತ್ರದ ತಿದ್ದುಪಡಿ, ತೆರಿಗೆ ನಂಬರಿನ ತಿದ್ದುಪಡಿ, ಬ್ಯಾಂಕಿನ ಖಾತೆ, ಕರೆಂಟಿನ ಮೀಟರು, ಬಿಲ್ ಪುಸ್ತಕ, ರಬ್ಬರ್ ಸ್ಟ್ಯಾಂಪು. ಬ್ಯಾಂಕಿನವರು ಹೊಸ ಪರವಾನಗಿ ತಂದರೆ ಖಾತೆ ಬದಲಿಸುತ್ತಾರಂತೆ. ಪರವಾನಗಿಯವರು ಹೊಸ ಹೆಸರಿನ ಕರೆಂಟು ಬಿಲ್ಲು ತಂದರೆ ಪರವಾನಗಿ ಬದಲಿಸುತ್ತಾರಂತೆ. ಮೀಟರಿನವರಿಗೆ ಪರವಾನಗಿ ಬೇಕಂತೆ. ಕಾರಣ ಅರ್ಜಿದಾರಳು ಗಾಣ ಸುತ್ತಿದಂತೆ ಸುತ್ತುತ್ತಿದ್ದು, ಈಗ ಎಲ್ಲ ಕಚೇರಿಗಳ ಸಿಪಾಯಿಗಳೂ ಆಕೆಗೆ "ಬರ್ರಿ ಅಕ್ಕಾರ, ಕುಂದರ್ರಿ" ಎನ್ನುವಷ್ಟು ಪರಿಚಯದವರಾಗಿರುತ್ತಾರೆ.

ಇಷ್ಟೆಲ್ಲ ಮುಗಿದು ಹೊಸ ಹೆಸರು ಬಂದ ಮೇಲೂ, ಸ್ವಲ್ಪ ಕಾಲ ಬೋರ್ಡಿನ ಮೇಲೆ ಹೊಸ ಹೆಸರಿನ ಕೆಳಗೆ "ಹಿಂದಿನ ಹೆಸರು: ಮೇಘಾ ಸಾರಿ ಸೆಂಟರ್" ಎಂದು ಸಣ್ಣ ಅಕ್ಷರದಲ್ಲಿ ಬರೆಸುವುದು ಒಳ್ಳೆಯದೆಂದು ಗುಮಾಸ್ತರು ಸಲಹೆ ಕೊಟ್ಟರು. "ಹಳೀ ಗಿರಾಕಿ ದಾರಿ ತಪ್ಪಬಾರದ ನೋಡ್ರಿ" ಎಂದರು. ಅರ್ಜಿದಾರಳು ದಾರಿಯುದ್ದಕ್ಕೂ ಈ ಮಾತಿನ ಬಗ್ಗೆಯೇ ವಿಚಾರ ಮಾಡುತ್ತ ಬಂದಳು.

4. ಬನಹಟ್ಟಿಯ ನೇಕಾರ ತುಕಾರಾಮ ಅವರು ಮೊದಲಿನಿಂದಲೂ ನಮ್ಮ ಅಂಗಡಿಗೆ ಸೀರೆ ಕೊಡುವವರು. ಹೊಸ ಹೆಸರಿಗೆ ಅವರದೂ ಒಂದು ಒಪ್ಪಿಗೆ ಪತ್ರ ಇರಲಿ ಎಂದು ಅರ್ಜಿದಾರಳು ಅವರ ಮನೆಗೆ ಹೋದಾಗ ಮಗ್ಗದ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ, ಕೊನೆಗೆ ಅವರು ಮಗ್ಗವನ್ನೇ ನಿಲ್ಲಿಸಿದರು.

"ಸೀರಿ ಗಂಟಿನ ಮ್ಯಾಲ ಮೇಘಾ ಅಂತ ಬರದ ಬರದ ಕೈಗಿ ರೂಢಿ ಆಗೇತ್ರಿ ಅಕ್ಕಾರ. ಹುಡುಗಿ ತೊಟ್ಟಿಲದಾಗ ಇದ್ದಾಗಿಂದ ಬರ್ಯಾಕತ್ತೇನಿ. ಯಾರ ತಗಿ ಅಂದ್ರು?"

"ಬೀಗರು ಅಂದ್ರು. ಪದ್ಧತಿ ಐತಲ್ರಿ."

"ಪದ್ಧತಿ ಹೌದ. ಹುಡುಗಿ ಏನಂತಾಳ? ಕೇಳೀರೇನು?"

ಅರ್ಜಿದಾರಳು ಕೇಳಿರಲಿಲ್ಲ. ಮಗಳ ಊಟ ಕೇಳಿದ್ದಳು, ತಲೆನೋವು ಕೇಳಿದ್ದಳು, ಬಳೆಯ ಅಳತೆ ಕೇಳಿದ್ದಳು.

5. ಆದರೆ ಕಚೇರಿಯವರು ಕೇಳಿದರು. ಬೋರ್ಡಿನ ಮೇಲೆ ಇರುವುದು ಬದುಕಿರುವ, ವಯಸ್ಸಿಗೆ ಬಂದ ವ್ಯಕ್ತಿಯ ಹೆಸರಾದ ಕಾರಣ, ಅದನ್ನು ತೆಗೆಯಲು ಆಕೆಯ ಲಿಖಿತ ಒಪ್ಪಿಗೆ ಕಡತದಲ್ಲಿ ಇರಬೇಕು ಎಂದರು. ಮೇಘಾ ಪಿಕೋ ಮಶೀನಿನ ಮುಂದೆ ಕುಳಿತಿದ್ದಳು. ಅರ್ಜಿದಾರಳು ಕಾಗದ ಮುಂದಿಟ್ಟಳು.

"'ನನ್ನ ಹೆಸರನ್ನು ತೆಗೆಯಲು ನನ್ನದೇನೂ ತಕರಾರು ಇರುವುದಿಲ್ಲ' ಅಂತ ಬರೀಬೇಕೇನಬೇ?"

"ಹೂಂ."

"ಛಲೋ ಐತಲ್ಲ ಇದು! ಅಂಗಡೀ ಹೆಸರ ತಗ್ಯಾಕ ನನ್ನ ಕೇಳಾಕತ್ತಾರ. ನನ್ನ ಹೆಸರ ತಗ್ಯಾಕ ನನ್ನ ಯಾರೂ ಕೇಳಲಿಲ್ಲ."

ಅವಳು ಇದನ್ನು ನಗುತ್ತಲೇ ಅಂದದ್ದು, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ. ಆಮೇಲೆ, "ಸಹಿ ಯಾವ ಹೆಸರಿಲೆ ಮಾಡ್ಲಿ?" ಎಂದಳು. "ಈಗ ಇರೂ ಹೆಸರಿಲೆ ಮಾಡವಾ" ಎಂದು ಅರ್ಜಿದಾರಳು ಹೇಳಿದಳು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಕಾಪಾಡಿದರು.

(ಹೊತ್ತು ಮುಳುಗುವುದರೊಳಗೆ ಮನೆಯವರ ಊಟ ಆಗಬೇಕಾದ ಪ್ರಯುಕ್ತ ಅರ್ಜಿಯನ್ನು ಇಲ್ಲಿಗೆ ನಿಲ್ಲಿಸಿ, ಮರುದಿನ ಹಾಲು ಕಾಸಿದ ಮೇಲೆ ಮುಂದುವರಿಸಲಾಗಿದೆ.)

6. ಈ ಪದ್ಧತಿಯ ಬಗ್ಗೆ ಅರ್ಜಿದಾರಳು ಕೇಳಿದ ಮಾತು ಆಡುತ್ತಿಲ್ಲ, ಸ್ವಂತ ಅನುಭವ ಇರುತ್ತದೆ. ತೇರದಾಳದಲ್ಲಿ ಹುಟ್ಟಿದಾಗ ಆಕೆಯ ಹೆಸರು ಚಂಪಾವತಿ. ಮನೆಯಲ್ಲಿ ಚಂಪಾ, ತಂದೆಗೆ ಚಂಪೀ. ಮದುವೆಯಾಗಿ ರಬಕವಿಗೆ ಬಂದಾಗ ಅಕ್ಕಿಯ ತಾಟಿನ ಮುಂದೆ ಉಂಗುರ ಹಿಡಿದು ಕುಳಿತ ಪತಿಯವರು ತಮ್ಮ ತಾಯಿಯ ಕಡೆ ತಿರುಗಿ, "ಏನ ಬರೀಲಿ?" ಎಂದರು. "ಅನುಸೂಯಾ ಅಂತ ಬರಿ" ಎಂದು ಅತ್ತೆಯವರು ಹೇಳಿದರು. ಬರೆದರು. ಒಬ್ಬರು ಅಕ್ಕಿಯನ್ನು ಸರಿಮಾಡಿ ಒಳಗೆ ಒಯ್ದರು. ಪ್ರಕಟಣೆ ಇಲ್ಲ, ವಾಯಿದೆ ಇಲ್ಲ, ಹಿಂದಿನ ಹೆಸರು ಇಂಥದೆಂದು ಸಣ್ಣ ಅಕ್ಷರವೂ ಇಲ್ಲ. ಊಟಕ್ಕೆ ಎಲೆ ಹಾಕಿದರು.

ಅತ್ತೆಯವರು ಒಳ್ಳೆಯವರು. "ಅನುಸೂಯಾ, ನೀರ ತಾ" ಎಂದು ಮೆತ್ತಗೇ ಕರೆಯುವರು. ಅರ್ಜಿದಾರಳು ಕಾಳು ಹಸನು ಮಾಡುತ್ತ ಕುಳಿತೇ ಇರುವಳು. "ಅನುಸೂಯಾ, ಏ ಅನುಸೂಯಾ" ಎಂದು ಮತ್ತೆ ಕರೆಯುವರು. ಈ ಅನುಸೂಯಾ ಯಾರೋ, ಹಿರಿಯರು ಇಷ್ಟು ಕರೆದರೂ ಓ ಅನ್ನುವುದಿಲ್ಲವಲ್ಲ, ಎಷ್ಟು ಸೊಕ್ಕಿನವಳು ಎಂದು ಅರ್ಜಿದಾರಳಿಗೆ ಮನಸ್ಸಿನಲ್ಲಿಯೇ ಸಿಟ್ಟು ಬರುವುದು. ಕೆಲವು ದಿನ ನೋಡಿದ ಮೇಲೆ, ತೇರದಾಳದವರು ಕಿವುಡಿಯನ್ನು ಕೊಟ್ಟು ಮೋಸ ಮಾಡಿದರೆಂದು ಅತ್ತೆಯವರು ಹೆದರಿ, ಯಾರಿಗೂ ಹೇಳದೆ ಆಕೆಯನ್ನು ಬಸ್ಸಿನಲ್ಲಿ ಮುಧೋಳದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಕಿವಿಗೆ ಬ್ಯಾಟರಿ ಬಿಟ್ಟು ನೋಡಿದರು, ಹಿಂದೆ ನಿಂತು ಚಿಟಿಕೆ ಹೊಡೆದರು. ಎಲ್ಲ ಸರಿ ಇತ್ತು.

"ಹೆಸರೇನವಾ ನಿಂದು?"

"ಚಂಪಾ ರೀ."

"ಮತ್ತ ಚೀಟ್ಯಾಗ ಅನುಸೂಯಾ ಅಂತ ಐತಲ್ಲ?"

"ಅದು ಬ್ಯಾರೇದಾಕಿದ ಇರಬೇಕ್ರಿ."

ಡಾಕ್ಟರು ಬಹಳ ಹೊತ್ತು ನಕ್ಕರು. "ಕಿವಿ ಛಲೋ ಅದಾವ್ರಿ ಅವ್ವಾರ. ಹೆಸರ ಇನ್ನಾ ಒಳಗ ಇಳದಿಲ್ಲ, ಅಷ್ಟ" ಎಂದು ಅತ್ತೆಯವರಿಗೆ ಹೇಳಿ, ಬಂದದ್ದಕ್ಕೆ ಇರಲಿ ಎಂದು ಶಕ್ತಿಯ ಗುಳಿಗೆ ಬರೆದುಕೊಟ್ಟರು. ಮರಳಿ ಬರುವಾಗ ಬಸ್ಸಿನಲ್ಲಿ ಅತ್ತೆ ಸೊಸೆ ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕದ್ದನ್ನು ಇಲ್ಲಿ ನಮೂದಿಸಬೇಕು.

ಅದೇ ವರ್ಷ ಅರ್ಜಿದಾರಳ ತಂದೆ ಬಂದು ಓಣಿಯ ತುದಿಯಿಂದ "ಚಂಪೀ" ಎಂದು ಕೂಗಿದಾಗ, ಆಕೆ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಹಿಟ್ಟಿನ ಕೈಯಲ್ಲಿಯೇ ಓಡಿದ್ದನ್ನು ಓಣಿಯವರೆಲ್ಲ ನೋಡಿರುತ್ತಾರೆ. ಈಗ ತಂದೆಯವರು ಇಲ್ಲ. ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರುವುದಿಲ್ಲ. ಅರ್ಜಿದಾರಳ ಪ್ರಕರಣದಲ್ಲಿ ತಕರಾರಿನ ವಾಯಿದೆ ಯಾವಾಗಲೋ ಮುಗಿದಿದ್ದು, ಅದರ ಬಗ್ಗೆ ಈಗ ಏನೂ ಕೋರಿಕೆ ಇರುವುದಿಲ್ಲ.

7. ಮೇಘಾ ಎಂಬ ಹೆಸರು ಬಂದದ್ದು ಹೇಗೆಂದರೆ, ಹೆರಿಗೆಯ ದಿನ ಬೆಳಗಿನಿಂದ ಮೋಡ ಕವಿದು, ಎಲ್ಲರೂ ಒಣಹಾಕಿದ್ದನ್ನೆಲ್ಲ ಒಳಗೆ ತಂದು, ಕೊನೆಗೆ ಒಂದು ಹನಿಯೂ ಬೀಳಲಿಲ್ಲ. ಮಳೆ ಇಲ್ಲದಿದ್ದರೆ ಇಲ್ಲ, ಮೋಡವನ್ನಾದರೂ ಇಟ್ಟುಕೊಳ್ಳೋಣ ಎಂದು ಅರ್ಜಿದಾರಳಿಗೆ ಅನಿಸಿತು. ತೊಟ್ಟಿಲಿನಲ್ಲಿ ಹೆಸರು ಹೇಳಬೇಕಾದ ನಾದಿನಿಯನ್ನು ಅಡುಗೆಮನೆಗೆ ಕರೆದು, ಗಸಗಸೆ ಉಂಡಿ ಕೊಟ್ಟು, ಕಿವಿಯಲ್ಲಿ ಈ ಹೆಸರು ಹೇಳಿದಳು. ಇದು ಲಂಚವೆಂದು ಯಾರಾದರೂ ಅಂದರೆ ಅರ್ಜಿದಾರಳು ಒಪ್ಪಿಕೊಳ್ಳುತ್ತಾಳೆ. ಆಕೆ ಜನ್ಮದಲ್ಲಿ ತಾನಾಗಿ ಆರಿಸಿ ಇಟ್ಟದ್ದು ಇದೊಂದೇ ಹೆಸರು. ಅಂಗಡಿ ಹಾಕಿದಾಗಲೂ ಬೇರೆ ಹೆಸರು ಹುಡುಕಲು ಹೋಗಲಿಲ್ಲ.

8. ಇಷ್ಟಾದರೂ ಅರ್ಜಿದಾರಳು ಸುಮ್ಮನೇ ಇರುವವಳಿದ್ದಳು. ಪತಿಯವರೂ, "ಎಲ್ಲಾರ್ದೂ ಆಗೇತಿ, ಇಕೀದೂ ಆಗ್ತೇತಿ. ನೀ ಯಾಕ ಅಷ್ಟ ಮನಸಿಗಿ ಹಚ್ಕೋತಿ?" ಎಂದು ಸಮಾಧಾನ ಹೇಳಿದ್ದರು. ಆದರೆ ಕಳೆದ ರವಿವಾರ ಮಧ್ಯಾಹ್ನ ಅರ್ಜಿದಾರಳು ಒಳಗೆ ಸಾರಿಗೆ ಒಗ್ಗರಣೆ ಕೊಡುತ್ತಿದ್ದಾಗ, ಅಂಗಡಿಯ ಮುಂಗಟ್ಟಿನಿಂದ ಬಾಜೂ ಮನೆಯ ಮಾಯಾಳ ಧ್ವನಿ ಕೇಳಿಸಿತು.

"ಶ್ರೇಯಾ!"

ಉತ್ತರ ಇಲ್ಲ.

"ಶ್ರೇಯಾ! ಏ ಶ್ರೇಯಾ!"

ಇಣುಕಿ ನೋಡಿದರೆ ಮೇಘಾ ತಲೆ ತಗ್ಗಿಸಿ ಸೆರಗಿಗೆ ಗೊಂಡೆ ಕಟ್ಟುತ್ತಿದ್ದಳು. ಮಾಯಾ ಬಾಗಿಲಿನಲ್ಲಿ ನಿಂತಿದ್ದಳು.

"ಲೇ, ಹೊಳ್ಳಿ ನೋಡಬೇಕಲೇ ನೀನು! ಮೂರನೇ ಸಲ ಕರ್ಯಾಕತ್ತೇನಿ."

"ಹೌದಲ್ಲ! ಮತ್ತೊಮ್ಮಿ ಕರಿ. ಕೆಲಸದಾಗ ಇದ್ದಾಗ ಕರಿ, ಹೇಳದ ಕರಿ. ಇಲ್ಲಂದ್ರ ನನ್ನೂ ಮುಧೋಳಕ್ಕ ಕರ್ಕೊಂಡ ಹೋಗ್ತಾರ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಾಯಾ ಓಣಿಯ ತನಕ ಹೋಗಿ ಮತ್ತೆ ಬಂದು ಕರೆದಳು. ಮೇಘಾ ತಿರುಗಲಿಲ್ಲ. ಮಗಳು ಓ ಅನ್ನುವುದನ್ನು ಅಭ್ಯಾಸ ಮಾಡುತ್ತಿದ್ದಳು, ಅದು ಬರುತ್ತಿರಲಿಲ್ಲ. ಅಂದು ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದಕ್ಕೂ, ಈ ಅರ್ಜಿ ಬರೆಯುತ್ತಿರುವುದಕ್ಕೂ ಇದೇ ಕಾರಣವಿರುತ್ತದೆ.

9. ಈ ಬಾಬತ್ತಿನಲ್ಲಿ ಒಂದು ಪೂರ್ವನಿದರ್ಶನವೂ ದೊರೆತಿದೆ. ಅರ್ಜಿ ಅರ್ಧವಾಗಿದ್ದಾಗ ಬೀಳಗಿ ಕಡೆಯ ಅನಸವ್ವ ಸೊಸೆಯ ಸೀರೆಗೆ ಫಾಲ್ ಹಚ್ಚಿಸಲು ಬಂದರು. ಅಣೆಕಟ್ಟಿನ ಹಿನ್ನೀರಿಗೆ ಅವರ ಊರು ಹೋಗಿ, ಈಗ ಎತ್ತರದ ಜಾಗದಲ್ಲಿ ಹೊಸ ಊರಾಗಿದೆ. ಏನು ಬರೆಯುತ್ತಿದ್ದೀರಿ ಎಂದು ಕೇಳಿದರು, ಅರ್ಜಿದಾರಳು ಹೇಳಿದಳು.

"ಊರ ಬಿಟ್ವಿ, ಮನಿ ಬಿಟ್ವಿ, ಗುಡಿ ಬಿಟ್ವಿ ನಮ್ಮವ್ವಾ. ಆದ್ರ ಹೆಸರ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಬೋರ್ಡ್ ಕಿತ್ತ ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡ ಬಂದ್ವಿ. ಜಾಗಾ ಬ್ಯಾರೆ ಆದ್ರೂ ಊರ ಅದ ಅಂತ ಮಂದೀಗಿ ಗೊತ್ತಾಗಬೇಕಲ್ಲ."

ಊರಿಗೇ ಇಂಥ ಸವಲತ್ತು ಸಿಕ್ಕಿರುವಾಗ, ಊರು ಬಿಟ್ಟು ಜಮಖಂಡಿಗೆ ಬರುವ ಒಬ್ಬ ಹುಡುಗಿಗೂ ಸಿಗಬಹುದೆಂದು ಅರ್ಜಿದಾರಳ ನಂಬಿಕೆ.

10. ಕೊನೆಯದಾಗಿ ಒಂದು ಸಂಗತಿ, ಇದನ್ನು ಬರೆಯಬೇಕೋ ಬೇಡವೋ ಎಂದು ಅರ್ಜಿದಾರಳು ಬಹಳ ವಿಚಾರ ಮಾಡಿದ್ದಾಳೆ. ನಿಶ್ಚಯದ ದಿನ ಊಟವಾದ ಮೇಲೆ ಹಿತ್ತಲಲ್ಲಿ ತಾವು ಕೈ ತೊಳೆಯುತ್ತಿದ್ದಾಗ ಅರ್ಜಿದಾರಳು ನೀರು ಹಾಕುತ್ತಿದ್ದಳು. "ನಿಮ್ಮ ತವರಿನ ಹೆಸರ ಏನಿತ್ರಿ ಬೀಗತಿ?" ಎಂದು ಕೇಳಿದ್ದಕ್ಕೆ, "ಏ, ಅದನ್ನೆಲ್ಲಿ ನೆಪ್ಪ ಇಟ್ಕೊಂಡ ಕುಂದರೂದ್ರಿ" ಎಂದು ನಕ್ಕಿರಿ. ಚೊಂಬಿನ ನೀರು ಮುಗಿದಿತ್ತು. ಟವೆಲಿಗೆ ಕೈ ಒರೆಸಿಕೊಳ್ಳುತ್ತ ತಾವಾಗಿಯೇ, "ಸುಂದರಾ ಅಂತಿತ್ತ" ಎಂದಿರಿ. ಸಣ್ಣ ಧ್ವನಿಯಲ್ಲಿ ಅಂದಿರಿ. ಒಳಗಿನಿಂದ ಯಾರೋ "ತ್ರಿಶಲಾ" ಎಂದು ಕರೆದರು. ತಾವು ಆ ಕ್ಷಣ ತಿರುಗಲಿಲ್ಲ. ಅರ್ಜಿದಾರಳು ಇದನ್ನು ನೋಡಿದ್ದಾಳೆ, ಯಾರ ಮುಂದೆಯೂ ಹೇಳಿಲ್ಲ, ಹೇಳುವುದೂ ಇಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಶೀಲಿಸಿ, ತಾವು ದಯಮಾಡಿ ಅಂಗಡಿಗೆ ಇರುವಷ್ಟೇ ನಿಯಮಗಳನ್ನು ಮಗಳಿಗೂ ಅನ್ವಯಿಸಬೇಕು. ಅಂದರೆ ಮೊದಲು ಆಕೆಯನ್ನು ಕೇಳಬೇಕು, ಕೇಳಿ ಉತ್ತರಕ್ಕೆ ಕಾಯಬೇಕು. ಅದು ಬಹಳ ತೊಂದರೆಯ ಕೆಲಸವೆನಿಸಿದಲ್ಲಿ ಸುಲಭದ ದಾರಿಯೂ ಇರುತ್ತದೆ. ಪದ್ಧತಿ ಬಿಡಬೇಕೆಂದು ಅರ್ಜಿದಾರಳು ಹೇಳುವುದಿಲ್ಲ. ತಾಟು ಇರಲಿ, ಅಕ್ಕಿ ಇರಲಿ, ಉಂಗುರ ಇರಲಿ, ಹಾಡು ಹೇಳುವವರು ಹೇಳಲಿ. ಶ್ರೇಯಸರು "ಏನ ಬರೀಲಿ?" ಎಂದು ತಮ್ಮ ಕಡೆ ತಿರುಗಿದಾಗ ತಾವು "ಮೇಘಾ ಅಂತ ಬರಿ" ಎಂದರೆ ಸಾಕು. ಅವರಿಗೂ ಈ ಹೆಸರಿನ ರೂಢಿ ಆಗಿದೆ. ದಿನಾಲೂ ಮೊಬೈಲಿನಲ್ಲಿ ಇದೇ ಹೆಸರಿನಿಂದ ಕರೆಯುತ್ತಿರುವುದು ಅರ್ಜಿದಾರಳು ಕೇಳಬಾರದೆಂದರೂ ಕೇಳಿಸುತ್ತದೆ. ಒತ್ತಕ್ಷರವಿಲ್ಲದ ಎರಡೇ ಅಕ್ಷರವಾದ ಕಾರಣ ಅಕ್ಕಿಯೂ ಕಡಿಮೆ ಸಾಕು.

ಹೀಗೆ ಮಾಡಿದಲ್ಲಿ ಅಂಗಡಿಯ ಕಡತವನ್ನು ಕೂಡಲೇ ಹಿಂದಕ್ಕೆ ಪಡೆಯಲಾಗುವುದು. ಗುಮಾಸ್ತರಿಗೂ ಸಂತೋಷವಾಗುವುದು. ಒಂದು ವೇಳೆ ತಮ್ಮ ತೀರ್ಮಾನ ಬದಲಾಗದಿದ್ದರೆ, ಮಗಳು ಕರೆದ ಕೂಡಲೇ ತಿರುಗದಿದ್ದಾಗ ಬೈಯಬಾರದು, ಹತ್ತಿರ ಹೋಗಿ ಭುಜ ಮುಟ್ಟಿ ಕರೆಯಬೇಕು ಎಂದು ಪ್ರಾರ್ಥಿಸಲಾಗಿದೆ. ಅವಳ ಕಿವಿ ಚೆನ್ನಾಗಿವೆ.

ತಮ್ಮ ಮನೆಯ ಮೇಲೆ ಪೂರ್ಣ ಭರವಸೆ ಇಟ್ಟು ಮಗಳನ್ನು ಕೊಡುತ್ತಿರುವ,

(ಸಹಿ)
ಅನುಸೂಯಾ ನೇಮಿನಾಥ ಚೌಗಲಾ
ಹಿಂದಿನ ಹೆಸರು: ಚಂಪಾವತಿ

ಲಗತ್ತುಗಳು:
1. ಮೇಘಾಳ ಒಪ್ಪಿಗೆ ಪತ್ರ, ಬರೆದದ್ದು ಅರ್ಧ, ಸಹಿ ಇಲ್ಲ. (ಬರೆಯುತ್ತಿರುವಾಗ ಗಿರಾಕಿ ಬಂದರು. ಆಮೇಲೆ ಅರ್ಜಿದಾರಳೇ ಆ ಕಾಗದವನ್ನು ಎತ್ತಿಟ್ಟಳು.)
2. ತಮ್ಮ ಜರಿಯ ಸೀರೆ, ಫಾಲ್ ಹಚ್ಚಿ ಗೊಂಡೆ ಕಟ್ಟಿದ್ದು. ಗೊಂಡೆ ಮೇಘಾಳ ಕೈಯವು.
3. ಶೇಂಗಾ ಹೋಳಿಗೆ, ಒಂದು ಡಬ್ಬಿ. ಇದನ್ನು ಲಂಚವೆಂದು ಪರಿಗಣಿಸಲು ಅಡ್ಡಿ ಇಲ್ಲ.

ವಿಶೇಷ ಸೂಚನೆ: ಲಗ್ನಪತ್ರಿಕೆ ಅಚ್ಚಿಗೆ ಹೋಗುವುದು ಬರುವ ಸೋಮವಾರ. ತಮಗೆ ಒಪ್ಪಿಗೆ ಇದ್ದಲ್ಲಿ ಲಿಖಿತ ಉತ್ತರದ ಅಗತ್ಯ ಇರುವುದಿಲ್ಲ. ಅದಕ್ಕೆ ಮೊದಲು ಯಾವಾಗಲಾದರೂ ಅಂಗಡಿಗೆ ಒಂದು ಫೋನು ಮಾಡಿ, "ಮೇಘಾ ಅದಾಳೇನ್ರಿ?" ಎಂದು ಕೇಳಿದರೆ ಸಾಕು. ಅರ್ಜಿದಾರಳು ಫೋನು ಎತ್ತುವುದಿಲ್ಲ. ಅವಳೇ ಎತ್ತುತ್ತಾಳೆ.